ಹಕ್ಕಿ ಫೋಟೋಗೆ 1500ಡಿ ಸಾಕೇ? ಬಾಡಿ ಬದಲಾಯಿಸಲೋ, ಲೆನ್ಸ್ ತಗೊಳ್ಳಲೋ?

ಕೆಂಬರಲು_ಸಾಗರ

ಎಲ್ಲರಿಗೂ ನಮಸ್ಕಾರ. ಕೈಯಲ್ಲಿರುವುದು ಕ್ಯಾನನ್ 1500ಡಿ, ಜತೆಗೆ ಡ್ಯುಯಲ್ ಕಿಟ್‌ನಲ್ಲಿ ಬರುವ 18-55 ಮತ್ತು 55-250 ಐಎಸ್ 2 ಲೆನ್ಸ್‌ಗಳು. ತೆಗೆಯುವುದು ಹೆಚ್ಚೂಕಡಿಮೆ ಹಕ್ಕಿಗಳನ್ನೇ: ಗುಡವಿ, ಮಂಡಗದ್ದೆ ಪಕ್ಷಿಧಾಮಗಳು, ಬಿಟ್ಟರೆ ಊರ ಸುತ್ತಲಿನ ಗದ್ದೆ, ಅಡಿಕೆ ತೋಟ. ಬಜೆಟ್ ಒಂದು ಲಕ್ಷದೊಳಗೆ. ಈ ವರ್ಷ ಒಂದೇ ವಸ್ತು ತಗೊಳ್ಳಲು ಸಾಧ್ಯ.

ಕಾಡುತ್ತಿರುವುದು ಮೂರು ವಿಷಯ. ದೂರದ ಹಕ್ಕಿಯನ್ನು ಕ್ರಾಪ್ ಮಾಡಿದರೆ ಗರಿಯ ವಿವರ ಉಳಿಯುವುದಿಲ್ಲ, ಎಲ್ಲ ಮೆತ್ತಿದಂತೆ ಕಾಣುತ್ತದೆ. ತೋಟದ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200 ದಾಟುತ್ತದೆ, ನಾಯ್ಸ್ (ಚಿತ್ರದಲ್ಲಿ ಕಾಳುಕಾಳು) ಜಾಸ್ತಿ. ಹಾರುವ ಹಕ್ಕಿಯಲ್ಲಿ ಫೋಕಸ್ ಕೂರುವುದು ಅಪರೂಪ.

ನೋಡಿಟ್ಟಿರುವ ದಾರಿಗಳು: ಸೆಕೆಂಡ್ ಹ್ಯಾಂಡ್ 90ಡಿ ತಗೊಂಡು ಇದೇ 55-250 ಹಾಕುವುದು, 1500ಡಿ ಇಟ್ಟುಕೊಂಡು ಸಿಗ್ಮಾ 150-600 ಕಂಟೆಂಪರರಿ ತಗೊಳ್ಳುವುದು, ಇಲ್ಲವೇ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ, ಅಂದರೆ ಕ್ಯಾನನ್ ಆರ್10ಗೆ ಹೋಗುವುದು. ಟ್ರೈಪಾಡ್ ಇದೆ. ಫೋಟೋ ನೋಡುವುದು ಮೊಬೈಲ್, ಲ್ಯಾಪ್‌ಟಾಪ್‌ನಲ್ಲಿ; ಆಗೊಮ್ಮೆ ಎ4 ಪ್ರಿಂಟ್. ಬಲ್ಲವರು ಕಾರಣಸಹಿತ ಹೇಳಿದರೆ ಉಪಕಾರ.

ಗಾಜುಗಣ್ಣು

ಮೊದಲನೇ ತೊಂದರೆಗೆ ಅಭಿಪ್ರಾಯ ಬೇಕಿಲ್ಲ, ಲೆಕ್ಕ ಸಾಕು.

ಹಕ್ಕಿಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಗುಣಿಸಿ, ದೂರದಿಂದ ಭಾಗಿಸಿ. ಎಲ್ಲವೂ ಮಿಲಿಮೀಟರಿನಲ್ಲಿರಲಿ. ಬಂದದ್ದು ಸೆನ್ಸರ್ ಮೇಲೆ ಬೀಳುವ ಬಿಂಬದ ಉದ್ದ. ಸಣ್ಣ ಮಿಂಚುಳ್ಳಿ ಸುಮಾರು 17 ಸೆಂಟಿಮೀಟರ್. ಅದು 20 ಮೀಟರ್ ದೂರದ ಕೊಂಬೆಯಲ್ಲಿ ಕೂತಿದೆ ಅಂದುಕೊಳ್ಳಿ. 250 ಎಂಎಂನಲ್ಲಿ 170 × 250 ÷ 20,000 = 2.1 ಮಿ.ಮೀ. ನಿಮ್ಮ 1500ಡಿ ಸೆನ್ಸರಿನ ಅಗಲ 22.3 ಮಿ.ಮೀ., ಅದರಲ್ಲಿ 6000 ಪಿಕ್ಸೆಲ್. ಮಿಲಿಮೀಟರಿಗೆ 269 ಬಿತ್ತು. ಅಲ್ಲಿಗೆ ಕೊಕ್ಕಿನ ತುದಿಯಿಂದ ಬಾಲದವರೆಗೆ ಇಡೀ ಮಿಂಚುಳ್ಳಿಗೆ ಸಿಕ್ಕಿದ್ದು 570 ಪಿಕ್ಸೆಲ್ ಆಸುಪಾಸು. ಇಷ್ಟರಲ್ಲಿ ಗರಿಯ ಎಳೆ ಕಾಣಬೇಕೆಂದರೆ ಯಾವ ಕ್ಯಾಮೆರಾದಿಂದಲೂ ಆಗದು.

ಈಗ ಅದೇ 55-250 ಅನ್ನು 90ಡಿಗೆ ಹಾಕಿ. 32.5 ಮೆಗಾಪಿಕ್ಸೆಲ್ ಅಂದರೆ ಅಗಲಕ್ಕೆ 6960. ಮಿಂಚುಳ್ಳಿಗೆ 660 ಚಿಲ್ಲರೆ ಪಿಕ್ಸೆಲ್. ಏರಿದ್ದು ನೂರಕ್ಕೆ 16. ಅದೂ ಕಾಗದದ ಮೇಲೆ. 55-250 ಐಎಸ್ 2 ಲೆನ್ಸ್ 250ರ ತುದಿಯಲ್ಲಿ ಎಫ್ 5.6ಕ್ಕೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬೆಳಕಿಂಡಿ ದೊಡ್ಡದು) ತುಸು ಮೆದುವೇ, ಸಣ್ಣ ಪಿಕ್ಸೆಲ್‌ಗಳು ಆ ಮೆದುತನವನ್ನು ಇನ್ನಷ್ಟು ಎತ್ತಿ ತೋರಿಸುತ್ತವೆ. ಆರ್10 ಆದರೆ ಇಷ್ಟೂ ಇಲ್ಲ. ಅದೂ 24 ಮೆಗಾಪಿಕ್ಸೆಲ್, ಅದೇ ಅಳತೆಯ ಸೆನ್ಸರ್, ಮತ್ತೆ ಅದೇ 570.

1500ಡಿಗೆ 600 ಎಂಎಂ ಹಾಕಿದರೆ ಬಿಂಬ 5.1 ಮಿ.ಮೀ., ಪಿಕ್ಸೆಲ್ 1370. ಮೊಬೈಲ್ ಪರದೆಯ ಅಗಲ ಸಾಮಾನ್ಯವಾಗಿ 1080. ಅಂದರೆ ಮೊದಲ ಬಾರಿಗೆ ನಿಮ್ಮ ಹಕ್ಕಿ ಪರದೆಯನ್ನು ತುಂಬಿಯೂ ಮಿಗುತ್ತದೆ.

ಪೈಸೆ ಖರ್ಚಿಲ್ಲದ ದಾರಿಯೂ ಇದೇ ಲೆಕ್ಕದಲ್ಲಿದೆ: 20 ಮೀಟರನ್ನು 10 ಮಾಡಿದರೆ 250 ಎಂಎಂನಲ್ಲೇ 1140 ಪಿಕ್ಸೆಲ್. ಗದ್ದೆಯಂಚಿನಲ್ಲಿ ಕಾರಿನೊಳಗೇ ಕೂತು, ಇಂಜಿನ್ ಆರಿಸಿ, ಗಾಜು ಇಳಿಸಿ ಕಾದರೆ ಹಕ್ಕಿಗಳು ಎಷ್ಟೋ ಹತ್ತಿರ ಬರುತ್ತವೆ. ಆದರೆ ಗುಡವಿಯಲ್ಲಿ ಮರಗಳೇ ಕೆರೆಯೊಳಗಿವೆ, ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ. ಅಲ್ಲಿ ಹತ್ತಿರ ಹೋಗುವ ಮಾತೇ ಇಲ್ಲ, ಗೂಡು ಕಟ್ಟುವ ಕಾಲದಲ್ಲಿ ಹೋಗಲೂಬಾರದು.

ಎಐ_ಸರ್ವೋ

ಗಾಜುಗಣ್ಣು ಅವರ ಲೆಕ್ಕ ಸರಿ. ಆದರೆ ಪ್ರಶ್ನೆ ಕೇಳಿದವರ ಫೋಟೋ ಮೆತ್ತಗಿರುವುದು ಪಿಕ್ಸೆಲ್ ಸಾಲದ್ದಕ್ಕೋ, ಕೈ ಅಲುಗಿದ್ದಕ್ಕೋ, ಫೋಕಸ್ ಹಿಂದೆಮುಂದೆ ಬಿದ್ದದ್ದಕ್ಕೋ ಇನ್ನೂ ಗೊತ್ತಿಲ್ಲ. ಅದು ಗೊತ್ತಾಗದೆ ಲಕ್ಷ ರೂಪಾಯಿ ಬಿಚ್ಚಬೇಡಿ. 600 ಎಂಎಂ ಲೆನ್ಸ್ ಬಂದರೆ ಅಲುಗಾಟವೂ 2.4 ಪಟ್ಟು ದೊಡ್ಡದಾಗಿಯೇ ಕಾಣುತ್ತದೆ.

ಹೀಗೆ ಪರೀಕ್ಷಿಸಿ. ಅಚ್ಚು ಚೆನ್ನಾಗಿರುವ ಒಂದು ದಿನಪತ್ರಿಕೆಯ ಹಾಳೆಯನ್ನು ಗೋಡೆಗೆ ಸಪಾಟಾಗಿ ಅಂಟಿಸಿ. ಹೊರಗಿನ ಒಳ್ಳೆ ಬೆಳಕು ಬೇಕು, ನೇರ ಬಿಸಿಲು ಬೇಡ. 8ರಿಂದ 10 ಮೀಟರ್ ದೂರದಲ್ಲಿ ಟ್ರೈಪಾಡ್. ಕ್ಯಾಮೆರಾ ಹಾಳೆಗೆ ನೇರ ಮುಖಾಮುಖಿ. ಲೆನ್ಸ್ ಮೇಲೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿ, ಐಎಸ್ (ಅಲುಗಾಟ ತಡೆ) ಆಫ್ ಮಾಡಿ. ಎವಿ ಮೋಡ್ (ಎಫ್ ಸಂಖ್ಯೆ ನೀವಿಡುವುದು, ಶಟರ್ ಕ್ಯಾಮೆರಾದ್ದು), 250 ಎಂಎಂ, ಎಫ್ 5.6, ಐಎಸ್‌ಒ 400, ಎರಡು ಸೆಕೆಂಡಿನ ಟೈಮರ್.

ಮೊದಲು ವ್ಯೂಫೈಂಡರ್‌ನಿಂದ: ಒನ್ ಶಾಟ್ (ಒಮ್ಮೆ ಫೋಕಸ್ ಆಗಿ ನಿಲ್ಲುವ ಮೋಡ್), ನಡುವಿನ ಫೋಕಸ್ ಪಾಯಿಂಟ್ ಮಾತ್ರ. ಪ್ರತಿ ಸಲವೂ ಲೆನ್ಸಿನ ಸ್ವಿಚ್ ಎಂಎಫ್‌ಗೆ ಹಾಕಿ ಫೋಕಸ್ ರಿಂಗ್ ತಿರುಗಿಸಿ ಪೂರ್ತಿ ಮಂಜಾಗಿಸಿ, ಆಮೇಲೆ ಎಎಫ್‌ಗೆ ತಂದು ಫೋಕಸ್ ಮಾಡಿಸಿ ಕ್ಲಿಕ್ ಮಾಡಿ. ಐದು ಚಿತ್ರ ಸಾಕು. ಆಮೇಲೆ ಲೈವ್ ವ್ಯೂಗೆ (ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವುದು) ಹೋಗಿ, 10 ಪಟ್ಟು ಹಿಗ್ಗಿಸಿ ಅಕ್ಷರಗಳ ಮೇಲೆ ಫೋಕಸ್ ಮಾಡಿ ಮತ್ತೆ ಐದು. ಕೊನೆಗೆ ಲೈವ್ ವ್ಯೂನಲ್ಲೇ ಎಫ್ 8ಕ್ಕೆ ಒಂದೆರಡು. ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಪಕ್ಕಪಕ್ಕ ಇಟ್ಟು ನೋಡಿ.

ಲೈವ್ ವ್ಯೂ ಚಿತ್ರ ಚುರುಕಾಗಿದ್ದು ವ್ಯೂಫೈಂಡರಿನದು ಐದೂ ಒಂದೇ ರೀತಿ ಮಂಜಾಗಿದ್ದರೆ ಫ್ರಂಟ್ ಅಥವಾ ಬ್ಯಾಕ್ ಫೋಕಸ್. ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಅಳೆಯುವ ಸೆನ್ಸರ್ ಕನ್ನಡಿಯ ಕೆಳಗೆ ಬೇರೆಯೇ ಇರುತ್ತದೆ. ಅದಕ್ಕೂ ಚಿತ್ರದ ಸೆನ್ಸರಿಗೂ ಕೂದಲೆಳೆಯ ವ್ಯತ್ಯಾಸವಿದ್ದರೂ ಹೀಗಾಗುತ್ತದೆ. 90ಡಿ, 80ಡಿಗಳಲ್ಲಿ ಇದನ್ನು ಮೆನುವಿನಲ್ಲೇ ಸರಿಪಡಿಸುವ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದೆ, 1500ಡಿಯಲ್ಲಿಲ್ಲ. ಬಾಡಿ-ಲೆನ್ಸ್ ಎರಡನ್ನೂ ಸರ್ವಿಸ್‌ಗೆ ಕೊಟ್ಟು ಹೊಂದಿಸಿಕೊಳ್ಳಬೇಕು. ಐದರಲ್ಲಿ ಎರಡು ಚೆಂದ, ಮೂರು ಮಂಜು ಅಂತಾದರೆ ಅದು ಫೋಕಸ್ ವ್ಯವಸ್ಥೆಯ ಅಸ್ಥಿರತೆ, ಹೊಂದಾಣಿಕೆಯಿಂದ ಹೋಗುವುದಿಲ್ಲ. ಎರಡೂ ಕಡೆ ಚೆಂದವಿದ್ದು ಹೊರಗೆ ಮಾತ್ರ ಕೆಡುತ್ತಿದ್ದರೆ ಶಟರ್ ಸ್ಪೀಡ್ ನೋಡಿ. ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/2000 ಇಲ್ಲವೆಂದರೆ ದೂರು ಲೆನ್ಸಿನ ಮೇಲೆ ಹೊರಿಸಲಾಗದು.

ಇನ್ನೊಂದು: ಬೆಳಿಗ್ಗೆ ಒಂಬತ್ತೂವರೆ-ಹತ್ತರ ಮೇಲೆ ಕೆರೆ, ಬಯಲಿನ ಮೇಲಿನ ಗಾಳಿ ಕಾದು ನಡುಗುತ್ತಿರುತ್ತದೆ. ಆಗ 50 ಮೀಟರ್ ಆಚೆಯ ಹಕ್ಕಿ ಎಷ್ಟೇ ದುಬಾರಿ ಲೆನ್ಸಿನಲ್ಲೂ ಕಲಸಿಹೋಗುತ್ತದೆ. ಮಧ್ಯಾಹ್ನದ ಚಿತ್ರಗಳನ್ನಿಟ್ಟುಕೊಂಡು ಲೆನ್ಸ್ ಅಳೆಯಬೇಡಿ.

ಪೇಟೆಹದ್ದು

ಎಲ್ಲರೂ ಕೂತ ಹಕ್ಕಿಯ ಲೆಕ್ಕ ಹಾಕ್ತಿದ್ದೀರಿ. ಮೂರನೇ ದೂರು ಹಾರುವ ಹಕ್ಕಿಯದ್ದು ಮಾರಾಯ್ರೆ, ಅಲ್ಲಿ ಸೋಲುವುದು ಬಾಡಿ.

1500ಡಿಯಲ್ಲಿ ಒಂಬತ್ತೇ ಫೋಕಸ್ ಪಾಯಿಂಟ್, ಅದರಲ್ಲಿ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆಗಳನ್ನು ಹಿಡಿಯುವ ಪಾಯಿಂಟ್) ನಡುವಿನದೊಂದೇ. ಸೆಕೆಂಡಿಗೆ 3 ಫ್ರೇಮ್. ಮಿಂಚುಳ್ಳಿ ನೀರಿಗೆ ಬಿದ್ದು ಏಳುವಷ್ಟರಲ್ಲಿ ಎರಡು ಮೂರು ಕ್ಲಿಕ್ ಆದರೆ ಹೆಚ್ಚು. 90ಡಿಯಲ್ಲಿ 45 ಪಾಯಿಂಟ್, ಎಲ್ಲವೂ ಕ್ರಾಸ್ ಟೈಪ್, ಸೆಕೆಂಡಿಗೆ 10. ಆರ್10ನಲ್ಲಿ ಮೆಕ್ಯಾನಿಕಲ್ ಶಟರ್‌ನಲ್ಲೇ 15, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಫೋಕಸ್ ಅಳೆಯುವುದು ಚಿತ್ರದ ಸೆನ್ಸರೇ ಆದ್ದರಿಂದ ಮೇಲೆ ಹೇಳಿದ ಫ್ರಂಟ್-ಬ್ಯಾಕ್ ಫೋಕಸಿನ ರಗಳೆ ಇಲ್ಲ. 15 ಸಾಲದೆಂದು ಎಲೆಕ್ಟ್ರಾನಿಕ್ ಶಟರ್‌ನ 23ಕ್ಕೆ ಹೋಗಬೇಡಿ, ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತದೆ.

ಇನ್ನು ನಿಮ್ಮ 600 ಎಂಎಂ. 20 ಮೀಟರ್ ದೂರದಲ್ಲಿ ಆ ಫ್ರೇಮಿನ ಅಗಲ ಎಷ್ಟು ಗೊತ್ತೇ? 22.3 ಅನ್ನು 600ರಿಂದ ಭಾಗಿಸಿ 20ರಿಂದ ಗುಣಿಸಿ: ಮುಕ್ಕಾಲು ಮೀಟರ್. ರೆಕ್ಕೆ ಬಿಚ್ಚಿದ ಸಣ್ಣ ಬೆಳ್ಳಕ್ಕಿಯೇ ಮೀಟರ್ ಹತ್ತಿರ ಇರುತ್ತದೆ. ಅದನ್ನು ಫ್ರೇಮಿನೊಳಗೆ ಹಿಡಿಯುವುದೇ ಸಾಹಸ. ಮೇಲೆ 1930 ಗ್ರಾಂ ತೂಕ. ಆರ್10ಗೆ ಆರ್‌ಎಫ್ 100-400 ಹಾಕಿದರೆ ಲೆನ್ಸ್ 635 ಗ್ರಾಂ, ಎರಡೂ ಸೇರಿ ಒಂದು ಕಿಲೋ ಸ್ವಲ್ಪ ಮೇಲೆ. ದಿನವಿಡೀ ಕೊರಳಲ್ಲಿ ಹಾಕಿಕೊಂಡು ಓಡಾಡಬಹುದು. ಮೊದಲು ಆರ್10 ಬಾಡಿ ತಗೊಂಡು ಅಡಾಪ್ಟರ್‌ನಲ್ಲಿ 55-250 ಓಡಿಸಿ, ಮುಂದಿನ ವರ್ಷ 100-400.

ಕೆಂಬರಲು_ಸಾಗರ

ಎಐ_ಸರ್ವೋ ಅವರು ಹೇಳಿದಂತೆ ಪರೀಕ್ಷೆ ಮಾಡಿದೆ, 9 ಮೀಟರ್‌ನಲ್ಲಿ. ವ್ಯೂಫೈಂಡರಿನ ಐದೂ ಚಿತ್ರ ಲೈವ್ ವ್ಯೂಗೆ ಸರಿಸಮ. ಎಫ್ 8ರಲ್ಲಿ ಅಕ್ಷರದ ಅಂಚು ಕಣ್ಣಿಗೆ ಕಾಣುವಷ್ಟು ಚುರುಕು. ಹಳೆಯ ಚಿತ್ರಗಳ ಮಾಹಿತಿ ನೋಡಿದರೆ ಕೂತ ಹಕ್ಕಿಗಳೆಲ್ಲ 1/500ರಿಂದ 1/800. ಗುಡವಿಯ ಚಿತ್ರಗಳಲ್ಲಿ ಕ್ರಾಪ್ ಆದಮೇಲೆ ಹಕ್ಕಿಯ ಉದ್ದ 400ರಿಂದ 600 ಪಿಕ್ಸೆಲ್ ಇದೆ, ಗಾಜುಗಣ್ಣು ಅವರ ಲೆಕ್ಕಕ್ಕೆ ಸರಿಹೊಂದುತ್ತದೆ. ಹತ್ತರಲ್ಲಿ ಎಂಟು ಚಿತ್ರ ಕೂತ ಹಕ್ಕಿಯದೇ, ಹಾರುವುದು ಕಡಿಮೆ.

ಎರಡು ಸಂಶಯ. ಸಿಗ್ಮಾ 600ರಲ್ಲಿ ಎಫ್ 6.3, ತೋಟದ ನೆರಳಿಗೆ ಅದು 5.6ಕ್ಕಿಂತ ಕತ್ತಲೆಯಲ್ಲವೇ? 1500ಡಿ ಎಫ್ 5.6ರವರೆಗೆ ಮಾತ್ರ ಆಟೋಫೋಕಸ್ ಮಾಡುತ್ತದೆಂದು ಓದಿದ್ದೇನೆ, 6.3ರಲ್ಲಿ ಫೋಕಸ್ ನಿಂತುಹೋಗುವುದಿಲ್ಲವೇ?

ಗಾಜುಗಣ್ಣು

ಎರಡನೆಯದು ಸುಲಭ. ಸಿಗ್ಮಾ, ಟ್ಯಾಮ್ರಾನ್‌ಗಳ ಈ 6.3 ಲೆನ್ಸ್‌ಗಳು ಬಾಡಿಯ ಫೋಕಸ್ ವ್ಯವಸ್ಥೆಗೆ ತಾವು 5.6 ಎಂದೇ ಹೇಳಿಕೊಳ್ಳುತ್ತವೆ. ಆದ್ದರಿಂದ 1500ಡಿಯಲ್ಲೂ ಫೋಕಸ್ ನಡೆಯುತ್ತದೆ. ನಡುವಿನ ಪಾಯಿಂಟ್ ಒಂದನ್ನೇ ನಂಬಿ. ಮುಸ್ಸಂಜೆಯಲ್ಲಿ ಅದೂ ತಡಕಾಡುತ್ತದೆ. ಆದರೆ 1.4 ಪಟ್ಟಿನ ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿ ನಡುವೆ ಹಾಕಿ ಫೋಕಲ್ ಲೆಂತ್ ಹೆಚ್ಚಿಸುವ ಗಾಜು) ಸೇರಿಸುವ ಆಸೆ ಬೇಡ, ಅಲ್ಲಿಗೆ ಎಫ್ 9 ಹತ್ತಿರವಾಗಿ 1500ಡಿ ಕೈಚೆಲ್ಲುತ್ತದೆ.

ಮೊದಲನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ. 5.6ಕ್ಕೂ 6.3ಕ್ಕೂ ಇರುವುದು ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಐಎಸ್‌ಒ 3200 ಇದ್ದದ್ದು 4000 ಆಗುತ್ತದೆ, ಅಷ್ಟೇ. ನಾಯ್ಸ್ ತೀರ್ಮಾನವಾಗುವುದು ಮಾತ್ರ ಈ ಐಎಸ್‌ಒ ಅಂಕಿಯಿಂದಲ್ಲ, ಹಕ್ಕಿಯ ಮೈಯಿಂದ ಹೊರಟ ಬೆಳಕಿನಲ್ಲಿ ಎಷ್ಟನ್ನು ಹಿಡಿದಿರಿ ಎಂಬುದರಿಂದ. ಅದನ್ನು ಹಿಡಿಯುವುದು ಲೆನ್ಸಿನ ಬೆಳಕಿಂಡಿಯ ವ್ಯಾಸ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿ: 250 ÷ 5.6 = 44.6 ಮಿ.ಮೀ. 600 ÷ 6.3 = 95 ಮಿ.ಮೀ. ವಿಸ್ತೀರ್ಣ ವ್ಯಾಸದ ವರ್ಗದಂತೆ ಏರುವುದರಿಂದ ಎರಡನೆಯದು ಅದೇ ಹಕ್ಕಿಯಿಂದ, ಅದೇ ದೂರದಿಂದ, ಅದೇ ಶಟರ್ ಸ್ಪೀಡಿನಲ್ಲಿ ನಾಲ್ಕೂವರೆ ಪಟ್ಟು ಬೆಳಕು ತರುತ್ತದೆ. ಒಂದೊಂದು ಪಿಕ್ಸೆಲ್ಲನ್ನು ಇಣುಕಿ ನೋಡಿದರೆ 4000ದ ನಾಯ್ಸ್ ಕಂಡೀತು. ಎರಡೂ ಚಿತ್ರಗಳ ಹಕ್ಕಿಯನ್ನು ಒಂದೇ ಅಳತೆಗೆ ತಂದು ನೋಡಿ, 600ರದ್ದೇ ಶುಭ್ರ.

ಇದೇ ಅಳತೆಗೋಲಿನಿಂದ ಪೇಟೆಹದ್ದು ಅವರ ಆರ್‌ಎಫ್ 100-400 ನೋಡಿ. ಅದು 400ರಲ್ಲಿ ಎಫ್ 8, ಅಂದರೆ 50 ಮಿ.ಮೀ. ಈಗಿರುವ 44.6ಕ್ಕಿಂತ ಬೆಳಕು ನೂರಕ್ಕೆ 25 ಮಾತ್ರ ಹೆಚ್ಚು. ಬಯಲಿನ ಬಿಸಿಲಿಗೆ ಒಳ್ಳೆ ಲೆನ್ಸ್, ಹಗುರ, ಫೋಕಸ್ ಚುರುಕು. ಅಡಿಕೆ ತೋಟದ ನೆರಳಿಗಲ್ಲ. ಸಿಗ್ಮಾ 100-400 ಕಂಟೆಂಪರರಿ 400ರಲ್ಲಿ 6.3: 63 ಮಿ.ಮೀ., ಈಗಿನದರ ಎರಡು ಪಟ್ಟು ಬೆಳಕು. ತೂಕ 1160 ಗ್ರಾಂ. ಬೆನ್ನು, ಭುಜ 600ಕ್ಕೆ ಒಪ್ಪದಿದ್ದರೆ ನಡುದಾರಿ ಇದು, ಆದರೆ ಟ್ರೈಪಾಡ್ ಕಾಲರ್ (ಲೆನ್ಸನ್ನೇ ಟ್ರೈಪಾಡಿಗೆ ಕೂರಿಸುವ ಬಳೆ) ಹಾಕಲು ಅದರಲ್ಲಿ ಜಾಗವಿಲ್ಲ.

ನಾಯ್ಸ್‌ಗಾಗಿ ಬಾಡಿ ಬದಲಿಸುವ ಯೋಚನೆ ಬಿಡಿ. 1500ಡಿಯಿಂದ 90ಡಿಗೆ ಹೋದರೂ ಸೆನ್ಸರಿನ ಅಳತೆ ಅದೇ, ಸುಧಾರಣೆ ಅಲ್ಪ. ಫುಲ್ ಫ್ರೇಮ್‌ಗೆ ಹೋದರೆ ಸೆನ್ಸರ್ 2.6 ಪಟ್ಟು ದೊಡ್ಡದು ನಿಜ. ಆದರೆ ಹಕ್ಕಿ ಫ್ರೇಮ್ ತುಂಬದೆ ನೀವು ಹೇಗೂ ಕ್ರಾಪ್ ಮಾಡುವುದಾದರೆ ಆ ಹೆಚ್ಚುವರಿ ಸೆನ್ಸರನ್ನು ಕತ್ತರಿಸಿ ಎಸೆದಂತೆಯೇ. ಅದರ ಬದಲು ರಾ ಫೈಲಿನಲ್ಲಿ (ಸೆನ್ಸರ್ ಹಿಡಿದ ಕಚ್ಚಾ ರೂಪ) ತೆಗೆಯಿರಿ. ಲೈಟ್‌ರೂಮ್‌ಗೆ 2023ರ ಏಪ್ರಿಲ್‌ನಲ್ಲಿ ಬಂದ ಡಿನಾಯ್ಸ್, ಡಿಎಕ್ಸ್‌ಒ ಪ್ಯೂರ್‌ರಾ, ಇಂಥವು ಐಎಸ್‌ಒ 6400ರ ರಾ ಫೈಲನ್ನು ಒಂದು ಹೊಸ ಬಾಡಿ ಕೊಡುವುದಕ್ಕಿಂತ ಹೆಚ್ಚು ಶುದ್ಧ ಮಾಡುತ್ತವೆ. ಜೆಪೆಗ್ ಕೊಟ್ಟು ಆ ಫಲಿತಾಂಶ ನಿರೀಕ್ಷಿಸಬೇಡಿ. ಎಕ್ಸ್‌ಪೋಷರ್ ಮಾತ್ರ ಕ್ಯಾಮೆರಾದಲ್ಲೇ ಸರಿ ಇರಲಿ. 1600ರಲ್ಲಿ ಕತ್ತಲಾಗಿ ತೆಗೆದು ಎರಡು ಸ್ಟಾಪ್ ಎತ್ತುವುದಕ್ಕಿಂತ 6400ರಲ್ಲಿ ಸರಿಯಾಗಿ ತೆಗೆದದ್ದು ಮೇಲು.

ಒಟ್ಟಿನಲ್ಲಿ ನಿಮ್ಮ ಹತ್ತರಲ್ಲಿ ಎಂಟಕ್ಕೆ ಬೇಕಿರುವುದು ಉದ್ದದ, ಅಗಲ ಬಾಯಿಯ ಲೆನ್ಸ್. ಇದು ಉಲ್ಟಾ ಆಗಿದ್ದರೆ, ಅಂದರೆ ಹಾರಾಟವೇ ಮುಖ್ಯವಾಗಿದ್ದರೆ, ಪೇಟೆಹದ್ದು ಅವರ ಮಾತಿಗೆ ನಾನೂ ಕೈ ಎತ್ತುತ್ತಿದ್ದೆ.

ಪೇಟೆಹದ್ದು

ಬೆಳಕಿಂಡಿಯ ಲೆಕ್ಕ ಒಪ್ಪಿದೆ. ಆದರೂ ಅಂಗಡಿಯಲ್ಲಿ ಆ ಸಿಗ್ಮಾವನ್ನು 1500ಡಿಗೆ ಹಾಕಿ ಹತ್ತು ನಿಮಿಷ ಎತ್ತಿ ಹಿಡಿದು ನೋಡಿಯೇ ದುಡ್ಡು ಕೊಡಿ. ಬಾಡಿ 475 ಗ್ರಾಂ, ಲೆನ್ಸ್ ಅದರ ನಾಲ್ಕು ಪಟ್ಟು. ಎಡಗೈ ಲೆನ್ಸ್ ಕೆಳಗಿರಬೇಕು, ಸ್ಟ್ರ್ಯಾಪ್ ಲೆನ್ಸಿನ ಕಾಲರಿಗೆ ಕಟ್ಟಬೇಕು. ಬಾಡಿಯ ಸ್ಟ್ರ್ಯಾಪ್ ಹಿಡಿದು ನೇತಾಡಿಸಿದರೆ ಭಾರವೆಲ್ಲ ಮೌಂಟಿನ ಮೇಲೆ ಬೀಳುತ್ತದೆ.

ಹಳೇಸರಕು

ಸಿಗ್ಮಾ 150-600 ಕಂಟೆಂಪರರಿ 2015ರಿಂದ ಮಾರುಕಟ್ಟೆಯಲ್ಲಿದೆ, ಟ್ಯಾಮ್ರಾನ್ 150-600 ಜಿ2 2016ರಿಂದ. ಜನ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಕ್ಯಾನನ್ ಇಎಫ್ ಮೌಂಟಿನವು ಸೆಕೆಂಡ್ ಹ್ಯಾಂಡ್ ಧಾರಾಳ ಸಿಗುತ್ತವೆ, ಬಜೆಟ್‌ನಲ್ಲಿ ಉಳಿತಾಯವೂ ಆಗುತ್ತದೆ. ನೋಡುವಾಗ ಇಷ್ಟು ಮಾಡಿ.

ಎರಡೂ ಮುಚ್ಚಳ ತೆಗೆದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಧೂಳಿನ ನಾಲ್ಕಾರು ಚುಕ್ಕೆ ಪರವಾಗಿಲ್ಲ, ಚಿತ್ರದಲ್ಲಿ ಕಾಣದು. ಜೇಡರ ಬಲೆಯಂಥ ಎಳೆಗಳಿದ್ದರೆ ಬೂಸ್ಟು, ಎಷ್ಟೇ ಅಗ್ಗವಾದರೂ ಬೇಡ. ಹಾಲಿನ ಪೊರೆಯಂಥ ಮಸುಕಿದ್ದರೂ ಬೇಡ. 150ರಿಂದ 600ಕ್ಕೆ ನಿಧಾನಕ್ಕೆ ತಿರುಗಿಸಿ, ನಡುವೆ ಎಲ್ಲಾದರೂ ಹಿಡಿದರೆ ಬಿದ್ದಿರುವ ಸಂಭವವಿದೆ. ಮೌಂಟಿನ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ನಿಮ್ಮದೇ ಬಾಡಿಗೆ ಹಾಕಿ ಎಫ್ 16ಕ್ಕೆ ಇಟ್ಟು ಒಂದೇ ಗೋಡೆಯ ಹತ್ತು ಚಿತ್ರ ಸತತವಾಗಿ ತೆಗೆಯಿರಿ; ಒಂದೊಂದರಲ್ಲಿ ಒಂದೊಂದು ಬೆಳಕು ಬಂದರೆ ಅಪರ್ಚರ್ ಎಲೆಗಳು ಸರಿಯಿಲ್ಲ, ಎರರ್ 01 ಬಂದರೆ ಲೆನ್ಸ್-ಬಾಡಿ ಸಂಪರ್ಕವೇ ತಪ್ಪುತ್ತಿದೆ. ಕೊನೆಗೆ 600ರಲ್ಲಿ, ಎಫ್ 6.3ಕ್ಕೂ 8ಕ್ಕೂ, ದೂರದ ಬೋರ್ಡಿನ ಅಕ್ಷರ. 6.3ರಲ್ಲಿ ತುಸು ಮೆದುವಿರುವುದು ಈ ಲೆನ್ಸಿನ ಗುಣ. ಎಡಭಾಗ ಚುರುಕು, ಬಲಭಾಗ ಮಂಜು ಅಂತಿದ್ದರೆ ಒಳಗಿನ ಗಾಜು ವಾಲಿದೆ, ಅಂಥದ್ದನ್ನು ಬಿಡಿ.

ಸಿಗ್ಮಾದ ಜತೆ ಯುಎಸ್‌ಬಿ ಡಾಕ್ ಕೇಳಿ ತಗೊಳ್ಳಿ. ಲೆನ್ಸಿನ ಫರ್ಮ್‌ವೇರ್ ಹೊಸದು ಮಾಡುವುದಷ್ಟೇ ಅಲ್ಲ, ನಾಲ್ಕು ಫೋಕಲ್ ಲೆಂತ್, ಒಂದೊಂದಕ್ಕೂ ನಾಲ್ಕು ದೂರ, ಹೀಗೆ ಹದಿನಾರು ಕಡೆ ಫೋಕಸ್ ಹೊಂದಿಸಬಹುದು. 1500ಡಿಯಲ್ಲಿ ಇಲ್ಲದ ಸೌಲಭ್ಯ ಲೆನ್ಸಿನ ಕಡೆಯಿಂದ ಸಿಕ್ಕಂತಾಯಿತು. ಟ್ಯಾಮ್ರಾನ್ ಜಿ2ಗೆ ಟ್ಯಾಪ್-ಇನ್ ಕನ್ಸೋಲ್ ಇದೇ ಕೆಲಸ ಮಾಡುತ್ತದೆ.

ಮುಂದೊಮ್ಮೆ ಆರ್10, ಆರ್7ಗೆ ಹೋದರೆ ಇಎಫ್-ಇಒಎಸ್ ಆರ್ ಅಡಾಪ್ಟರ್‌ನಲ್ಲಿ ಈ ಲೆನ್ಸ್ ನಡೆಯುತ್ತದೆ. ಆದರೆ ಆರ್7 ಜತೆ ಸಿಗ್ಮಾ ಫೋಕಸ್ ನಿಲ್ಲದೆ ಹಿಂದೆಮುಂದೆ ಮಿಡಿಯುವ ದೂರುಗಳು ಬಂದಿವೆ. ಹಾಗಾಗಿ ಮಿರರ್‌ಲೆಸ್ ಬಾಡಿ ತಗೊಳ್ಳುವ ದಿನ ಈ ಲೆನ್ಸನ್ನೂ ಅಂಗಡಿಗೆ ಒಯ್ದು, ಸರ್ವೋನಲ್ಲಿ (ಚಲಿಸುವುದನ್ನು ಬೆನ್ನಟ್ಟಿ ಫೋಕಸ್ ಮಾಡುವ ಮೋಡ್) ಓಡಿಸಿ ನೋಡಿ. 90ಡಿಗೆ ಹೋಗುವುದಾದರೆ ಈ ತಲೆನೋವಿಲ್ಲ. ಹಳೆ 90ಡಿ ನೋಡುವಾಗ ಶಟರ್ ಕೌಂಟ್ ಕೇಳಿ. ಕ್ಯಾನನ್ ಅದರ ಶಟರಿಗೆ ಹೇಳಿರುವುದು 1,20,000, 80ಡಿಗೆ 1,00,000, 7ಡಿ ಮಾರ್ಕ್ 2ಕ್ಕೆ 2,00,000.

ಅಂಗಳದಮಲ್ಲಿಗೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲೂ 1500ಡಿ ಮತ್ತು 18-55 ಇದೆ. ಹಕ್ಕಿ ಅಲ್ಲ, ಮನೆಯೊಳಗೆ ಮಕ್ಕಳ ಫೋಟೋ, ಹಬ್ಬ, ಸಣ್ಣಪುಟ್ಟ ಸಮಾರಂಭ. ಇದಕ್ಕೂ ಲೆನ್ಸೇ ಉತ್ತರವೇ?

ಎಐ_ಸರ್ವೋ

ಹೌದು, ಆದರೆ ಬೇರೆ ಲೆನ್ಸ್, ಬಹಳ ಅಗ್ಗದ್ದು. ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ. ನಿಮ್ಮ 18-55 ತನ್ನ 55ರ ತುದಿಯಲ್ಲಿ ಎಫ್ 5.6, ಅಲ್ಲಿಂದ 1.8ಕ್ಕೆ ಮೂರು ಸ್ಟಾಪಿಗೂ ಹೆಚ್ಚು. ಐಎಸ್‌ಒ 6400 ಬೇಕಿದ್ದ ಕೋಣೆಯಲ್ಲಿ 800 ಸಾಕಾಗುತ್ತದೆ. ತೂಕ 160 ಗ್ರಾಂ. ತೊಡಕು ಎಂದರೆ ಈ ಬಾಡಿಯಲ್ಲಿ ಅದು 80 ಎಂಎಂನಂತೆ ಕಾಣುವುದರಿಂದ ಸಣ್ಣ ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಗುಂಪಿನ ಫೋಟೋಗೆ 18-55 ಜತೆ ಮೇಲಿನ ಸೂರಿಗೆ ತಿರುಗಿಸಬಹುದಾದ ಫ್ಲ್ಯಾಶ್ ಬೇಕು. ಫ್ಲ್ಯಾಶ್ ಕೊಳ್ಳುವ ಮೊದಲು ಕ್ಯಾಮೆರಾದ ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನಡುವೆ ಪಿನ್ ಇದೆಯೇ ನೋಡಿ. ಇಲ್ಲದಿದ್ದರೆ ಬರೀ ಮ್ಯಾನ್ಯುಯಲ್ ಅಗ್ಗದ ಫ್ಲ್ಯಾಶ್‌ಗಳು ಅದರಲ್ಲಿ ಮಿಂಚುವುದೇ ಇಲ್ಲ. ಬೆಳಕು ತಾನೇ ಅಳೆದು ಮಿಂಚುವ ಕ್ಯಾನನ್ ಇ-ಟಿಟಿಎಲ್‌ನದ್ದೇ ಬೇಕು, ಅದನ್ನೂ ನಿಮ್ಮ ಬಾಡಿಗೆ ಹಾಕಿಸಿ ನೋಡಿಯೇ ತನ್ನಿ.

ಕೆಂಬರಲು_ಸಾಗರ

ಸಿಗ್ಮಾ ತಗೊಳ್ಳುವುದೆಂದು ನಿರ್ಧರಿಸಿದೆ, ಡಾಕ್ ಸಮೇತ. 1500ಡಿಯಲ್ಲಿ ಇದಕ್ಕೆ ಸೆಟ್ಟಿಂಗ್ ಹೇಗಿರಲಿ? ನಮ್ಮ ಕಡೆ ಮಳೆಗಾಲದಲ್ಲಿ ಇಂಥ ಲೆನ್ಸನ್ನು ಇಡುವುದು ಹೇಗೆ?

ಎಐ_ಸರ್ವೋ

ಎಂ (ಮ್ಯಾನ್ಯುಯಲ್) ಮೋಡ್, ಎಫ್ 7.1, ಶಟರ್ 1/800, ಐಎಸ್‌ಒ ಆಟೋ. ಮೆನುವಿನಲ್ಲಿ ಆಟೋ ಐಎಸ್‌ಒದ ಮೇಲ್ಮಿತಿ 6400. ನೆರಳಿನಲ್ಲಿ ಹಕ್ಕಿ ಅಲುಗದೆ ಕೂತಿದ್ದರೆ 1/320ರವರೆಗೂ ಇಳಿಯಿರಿ, ಆಗ ಒಂದರ ಬದಲು ಆರೇಳು ಕ್ಲಿಕ್ ಮಾಡಿ, ಒಂದೆರಡು ನಿಲ್ಲುತ್ತವೆ. ಒಂದು ಎಚ್ಚರಿಕೆ: 1500ಡಿಯಲ್ಲಿ ಎಂ ಮೋಡ್ ಜತೆ ಆಟೋ ಐಎಸ್‌ಒ ಇದ್ದಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ಹೆಚ್ಚುಕಡಿಮೆ ಮಾಡುವುದು) ಕೊಡಲಾಗದು. ಕಪ್ಪು ಮರದ ಮುಂದೆ ಬೆಳ್ಳಕ್ಕಿ ಬಂದರೆ ಅದರ ಮೈ ಸುಟ್ಟು ಬರೀ ಬಿಳಿಯಾಗುತ್ತದೆ. ಅಂಥಲ್ಲಿ ಐಎಸ್‌ಒವನ್ನು ಕೈಯಿಂದಲೇ ನಿಲ್ಲಿಸಿ, ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ (ಬೆಳಕು-ಕತ್ತಲ ಹಂಚಿಕೆಯ ನಕ್ಷೆ) ನೋಡಿ ಇಳಿಸಿಕೊಳ್ಳಿ.

ಫೋಕಸ್ ಎಐ ಸರ್ವೋ, ನಡುವಿನ ಪಾಯಿಂಟ್. ಎಐ ಫೋಕಸ್ ಅಂತ ಇನ್ನೊಂದಿದೆ, ಹೆಸರು ಹತ್ತಿರವಿದೆ ಎಂದು ಅದನ್ನು ಇಡಬೇಡಿ. ಹಕ್ಕಿ ಹಾರಿತೋ ಕೂತಿತೋ ಎಂದು ತಾನೇ ತೀರ್ಮಾನಿಸಲು ಹೋಗಿ ತಡಮಾಡುತ್ತದೆ. ಕಸ್ಟಮ್ ಫಂಕ್ಷನ್‌ನಲ್ಲಿ ಶಟರ್ ಮತ್ತು ಎಇ ಲಾಕ್ ಬಟನ್‌ನ ಆಯ್ಕೆಗೆ ಹೋಗಿ ಕೊನೆಯ ಆಯ್ಕೆ, 3 ಅನ್ನು ಇಡಿ. ಆಗ ಫೋಕಸ್ ಮಾಡುವುದು ಹೆಬ್ಬೆರಳಿನ ಕೆಳಗಿನ ನಕ್ಷತ್ರದ ಬಟನ್, ಕ್ಲಿಕ್ ಮಾತ್ರ ಶಟರ್. ಕೂತ ಹಕ್ಕಿಗೆ ಒಮ್ಮೆ ಒತ್ತಿ ಬಿಡಿ, ಹಾರಿದರೆ ಒತ್ತಿ ಹಿಡಿಯಿರಿ. ಮೋಡ್ ಬದಲಿಸುವ ಗೋಜಿಲ್ಲ.

ಲೆನ್ಸಿನ ಮೇಲಿನ ಫೋಕಸ್ ಲಿಮಿಟರ್ 10 ಮೀಟರ್‌ನಿಂದ ಅನಂತಕ್ಕೆ ಇರಲಿ. ಫೋಕಸ್ ತಪ್ಪಿದಾಗ 2.8 ಮೀಟರ್‌ವರೆಗೂ ಹೋಗಿ ಬರುವ ಸಮಯ ಉಳಿಯುತ್ತದೆ. ಓಎಸ್ (ಸಿಗ್ಮಾದ ಅಲುಗಾಟ ತಡೆ) ಸ್ವಿಚ್ 1ರಲ್ಲಿ, ಪಕ್ಕಕ್ಕೆ ಹಾರುವುದನ್ನು ಹಿಂಬಾಲಿಸುವಾಗ 2, ಟ್ರೈಪಾಡ್ ಬಿಗಿಯಾಗಿದ್ದರೆ ಆಫ್. ಕಾರಿನ ಕಿಟಕಿಗೆ ಎರಡು ಕಿಲೋ ಅಕ್ಕಿ ತುಂಬಿದ ಬಟ್ಟೆ ಚೀಲ ಟ್ರೈಪಾಡಿಗಿಂತ ಒಳ್ಳೆಯ ಆಧಾರ. ಪೂರ್ತಿ ಬಿರಿಯುವಂತೆ ತುಂಬದೆ ಮುಕ್ಕಾಲು ತುಂಬಿ, ಲೆನ್ಸ್ ಒಳಗೆ ಕುಳಿತುಕೊಳ್ಳುತ್ತದೆ.

ಹಳೇಸರಕು

ಇಡುವ ವಿಷಯ. ಕರೆಂಟ್ ಸರಿಯಾಗಿದ್ದರೆ ಡ್ರೈ ಕ್ಯಾಬಿನೆಟ್. ಜಡಿಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ರಬ್ಬರ್ ಪಟ್ಟಿಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬವೇ ಭದ್ರ: ಒಳಗೆ ಅರ್ಧ ಕಿಲೋ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿ ಹಾಗೇ ನಿಂತರೆ ಬೂಸ್ಟಿಗೆ ದಾರಿ, 30ಕ್ಕಿಂತ ಇಳಿದು ತಿಂಗಳುಗಟ್ಟಲೆ ಇದ್ದರೆ ರಬ್ಬರ್ ಬಿರಿಯುತ್ತದೆ. ಜೆಲ್ ಬಣ್ಣ ತಿರುಗಿದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ಲೆನ್ಸಿನ ಜತೆ ಬಂದ ಬಟ್ಟೆ ಚೀಲದಲ್ಲಿ ಮಾತ್ರ ಇಟ್ಟು ಬೀರುವಿಗೆ ಸೇರಿಸಬೇಡಿ, ತೇವವನ್ನು ಹೀರಿ ಹಿಡಿದಿಡುವುದೇ ಆ ಚೀಲ. ಮಳೆಯಲ್ಲಿ ನೆನೆದು ಬಂದರೆ ಹೊರಮೈ ಒರೆಸಿ, ಝೂಮ್ 600ಕ್ಕೆ ಎಳೆದು, ಫ್ಯಾನ್ ಕೆಳಗೆ ಒಂದೆರಡು ಗಂಟೆ ಬಿಟ್ಟು ಆಮೇಲೆ ಡಬ್ಬಕ್ಕೆ ಹಾಕಿ. ಒದ್ದೆಯಲ್ಲೇ ಝೂಮ್ ಒಳಗೆಳೆದರೆ ನೀರೂ ಒಳಗೆ ಹೋಗುತ್ತದೆ.

95 ಮಿ.ಮೀ. ಯುವಿ ಫಿಲ್ಟರ್ ತಗೊಳ್ಳಿ ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಅಗ್ಗದ್ದು ಹಾಕಿದರೆ 600ರಲ್ಲಿ ಚುರುಕು ಹೋಗುತ್ತದೆ, ಒಳ್ಳೆಯದಕ್ಕೆ ಕೊಡುವ ದುಡ್ಡಿಗೆ ಡಾಕ್ ಬರುತ್ತದೆ. ಹುಡ್ ಸದಾ ಹಾಕಿರಲಿ, ಅಷ್ಟು ಸಾಕು.